ಮುಖ ನೋಡಿ ಮಣೆ

ಕಳೆದ ತಿಂಗಳು ಒಂದು ರವಿವಾರ ಸಂಜೆ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ, ಠರಾವು ಪುಸ್ತಕವು ಕೈಯಿಂದ ಕೈಗೆ ದಾಟಿ ನನ್ನ ತೊಡೆಯ ಮೇಲೆ ಬಂದಿತು. ಧಾರವಾಡದ ಅಂಚಿನಲ್ಲಿ ನಿವೃತ್ತ ನೌಕರರು ಮನೆ ಕಟ್ಟಿಕೊಂಡಿರುವ ಅನೇಕ ಬಡಾವಣೆಗಳಲ್ಲಿ ನಮ್ಮದೂ ಒಂದು. ಎರಡು ವರ್ಷದ ಹಿಂದೆ ಅದಕ್ಕೆ ಕಬ್ಬಿಣದ ದೊಡ್ಡ ಗೇಟು ಬಂದಿತು. ಗೇಟು ಬರುವುದಕ್ಕೂ ಎಷ್ಟೋ ಮೊದಲಿನಿಂದ, ಅಲ್ಲಿಯ ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ಮುಂಜಾನೆ ಕಾಯಿಪಲ್ಯದ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ಕಾರು ಹೊರಳಿಸಲು ಅಡ್ಡಿಯಾಗುತ್ತದೆ, ಕೊಳೆತ ಸೊಪ್ಪು ಬೀಳುತ್ತದೆ, ಬಡಾವಣೆಯ ಅಂದ ಕೆಡುತ್ತದೆ ಎಂಬ ಮೂರು ಕಾರಣಗಳನ್ನು ಕೊಟ್ಟು ಆಕೆಯನ್ನು ಅಲ್ಲಿಂದ ಎಬ್ಬಿಸಬೇಕೆಂದು ಠರಾವಿನಲ್ಲಿ ಬರೆದಿತ್ತು. ಹನ್ನೊಂದು ಸಹಿಗಳು ಆಗಲೇ ಬಿದ್ದಿದ್ದವು. ಓದಲೆಂದು ನಾನು ಕನ್ನಡಕ ಹುಡುಕುತ್ತಿದ್ದಾಗ ಕಾರ್ಯದರ್ಶಿಯವರು ವಿನಯದಿಂದಲೇ, "ಓದೂದೇನೈತ್ರೀ ಸರ, ಎಲ್ಲಾರೂ ಒಪ್ಯಾರ. ಸಹಿ ಹಾಕ್ರಿ, ಚಾ ಆರತೈತಿ" ಎಂದರು.

ಅವರು ಕೆಟ್ಟವರಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ನನ್ನ ಜೊತೆ ಎಚ್ಚರವಿದ್ದವರು. ಅದೇ ತೊಡಕು. ಆ ಋಣವೆಲ್ಲ ನನ್ನ ಪೆನ್ನಿನ ತುದಿಗೆ ಬಂದು ನಿಂತಂತಾಯಿತು. "ಆಕಿನ್ನ ಕರದು ಒಂದ ಮಾತು ಕೇಳೀರೇನ್ರಿ?" ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ. ಒಬ್ಬರು ಬಿಸ್ಕೀಟು ಮುರಿದ ಸಪ್ಪಳವೂ ಕೇಳಿಸಿತು. ಸಹಿ ಹಾಕದೆ ಪುಸ್ತಕ ಮುಚ್ಚಿ ಮನೆಗೆ ಬಂದೆ. ಬಂದವನಿಗೆ ಧೈರ್ಯ ತೋರಿದ ಸಮಾಧಾನವೇನೂ ಇರಲಿಲ್ಲ. ಇಂಥದೇ ಒಂದು ಠರಾವು ಪುಸ್ತಕ ಮೂವತ್ತು ವರ್ಷಗಳ ಹಿಂದೆ ನನ್ನ ಕೈಗೆ ಬಂದಿತ್ತು, ಆಗ ನಾನು ಪ್ರಶ್ನೆ ಕೇಳಿರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಬರುವ ಮೊದಲು, ಇಷ್ಟು ದಿನವೂ ನನ್ನನ್ನು ಕಾಡುತ್ತಿರುವ ಒಂದು ಹಳೆಯ ಪ್ರಶ್ನೆಯನ್ನು ಹೇಳಬೇಕು.

ಆಯಿಯ ಪ್ರಶ್ನೆ

ನಾನು ಬೆಳೆದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಬಾಸೆಲ್ ಮಿಶನ್ನಿನ ಕ್ರೈಸ್ತ ಪಾದ್ರಿಗಳು ಧಾರವಾಡಕ್ಕೆ 1837ರಲ್ಲಿಯೂ ಬೆಟಗೇರಿಗೆ 1841ರಲ್ಲಿಯೂ ಬಂದರು. ಅವರಿಂದ ಸುವಾರ್ತೆ ಕೇಳಿದ ನೇಕಾರ ಮನೆತನಗಳಲ್ಲಿ ನಮ್ಮದೂ ಒಂದು. ದೇವರು ಬದಲಾದರೂ ಮಗ್ಗ ಬದಲಾಗಲಿಲ್ಲ. ಸಂಜೆಯ ಪ್ರಾರ್ಥನೆಗೆ ಮುಂಚೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ಓದು ಬಾರದ ಆಯಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತ ಕೇಳುತ್ತಿದ್ದಳು. ಕತೆ ಹಿಡಿಸಿದರೆ ರಾಟಿ ನಿಧಾನವಾಗುತ್ತಿತ್ತು, ಹಿಡಿಸದಿದ್ದರೆ ಜೋರಾಗುತ್ತಿತ್ತು. ವಂಶಾವಳಿಗಳನ್ನು ಓದುವ ದಿನ ಅದರ ಸಪ್ಪಳದಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ನಾಬೋತನ ಕತೆಯ ದಿನ ರಾಟಿ ನಿಂತೇ ಹೋಯಿತು. ಅದು ಒಂದನೆಯ ಅರಸುಗಳ ಗ್ರಂಥದ 21ನೆಯ ಅಧ್ಯಾಯ. ಇಜ್ರೇಲಿನಲ್ಲಿ ಅರಸ ಅಹಾಬನ ಅರಮನೆಯ ಪಕ್ಕದಲ್ಲಿ ನಾಬೋತನೆಂಬವನ ದ್ರಾಕ್ಷಿತೋಟವಿತ್ತು. ಕಾಯಿಪಲ್ಯ ಬೆಳೆಯಲು ಆ ತೋಟ ಬೇಕೆಂದು ಅರಸ ಕೇಳಿದ. ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೆ ರೊಕ್ಕ ಕೊಡುತ್ತೇನೆ ಎಂದ. ಪಿತ್ರಾರ್ಜಿತವಾಗಿ ಬಂದದ್ದನ್ನು ಕೊಡಲಾರೆನೆಂದು ನಾಬೋತ ಹೇಳಿದ. ಅದು ಬರಿಯ ಹಟವಲ್ಲ. ಭೂಮಿ ನನ್ನದು, ನೀವು ನನ್ನ ಬಳಿ ಇರುವ ಪರದೇಶಿಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರಕೂಡದು ಎಂದು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಹೇಳಿದ ಮಾತಿನ ಮೇಲೆ ಅವನು ನಿಂತಿದ್ದ. ಅರಸ ಊಟ ಬಿಟ್ಟು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ರಾಣಿ ಈಜೆಬೆಲಳು ಅವನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ಊರ ಹಿರಿಯರಿಗೂ ಪ್ರಮುಖರಿಗೂ ಕಳಿಸಿದಳು. ಒಂದು ಉಪವಾಸ ಸಾರಿರಿ, ನಾಬೋತನನ್ನು ಜನರ ನಡುವೆ ಎತ್ತರದ ಸ್ಥಾನದಲ್ಲಿ ಕೂಡಿಸಿರಿ, ಎದುರಿಗೆ ಇಬ್ಬರು ನೀಚರನ್ನು ಕೂಡಿಸಿ, ದೇವರನ್ನೂ ಅರಸನನ್ನೂ ಬೈದನೆಂದು ಸಾಕ್ಷಿ ಹೇಳಿಸಿರಿ, ಆಮೇಲೆ ಹೊರಗೆ ಒಯ್ದು ಕಲ್ಲೆಸೆದು ಕೊಲ್ಲಿರಿ. ಹಿರಿಯರು ಪತ್ರದಲ್ಲಿ ಬರೆದಂತೆಯೇ ಮಾಡಿದರು. ಕೆಲಸ ಮುಗಿಯಿತೆಂದು ಹೇಳಿಯೂ ಕಳಿಸಿದರು.

ನಾನು ಮುಂದಕ್ಕೆ ಓದಿದೆ. ಪ್ರವಾದಿ ಎಲೀಯನು ಬಂದು ಅರಸನನ್ನು ಹಿಡಿದು ನಿಲ್ಲಿಸಿ, ಕೊಂದೂ ಕೊಂದೆ, ಆಸ್ತಿಯನ್ನೂ ವಶಮಾಡಿಕೊಂಡೆಯಾ ಎಂದು ಕೇಳುವ ಭಾಗ ನನಗೆ ಬಹಳ ಇಷ್ಟ; ಅದನ್ನು ನಾಟಕದವರಂತೆ ದನಿ ಏರಿಸಿ ಓದಿದೆ. ಆಯಿ ಅದನ್ನು ಕೇಳಿದಂತೆಯೇ ಕಾಣಲಿಲ್ಲ. "ಅಲ್ಲೋ ತಮ್ಮಾ, ಆ ಪತ್ರ ಓದಿದ ಹಿರ್ಯಾರೊಳಗ ಒಬ್ಬನರ ಬ್ಯಾಡ್ರೆಪಾ ಅಂದನೇನು? ಹಿಂದಕ್ಕ ಹೋಗಿ ನೋಡು" ಎಂದಳು. ನೋಡಿದೆ. ಯಾರೂ ಅಂದಿರಲಿಲ್ಲ. "ಛಲೋತ್ನ್ಯಾಗಿ ನೋಡು" ಎಂದಳು. ಮತ್ತೆ ನೋಡಿದೆ. ಆಯಿ ರಾಟಿ ತಿರುಗಿಸಲು ಹಿಡಿದಳು, ಅಂದಿನ ಪ್ರಾರ್ಥನೆಯನ್ನು ಬಹಳ ಸಣ್ಣದಾಗಿ ಮುಗಿಸಿದಳು.

ಅವಳು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಎರಡನೆಯ ಅರಸುಗಳ 10ನೆಯ ಅಧ್ಯಾಯವನ್ನು ಓದುವಾಗ ನನಗೆ ಮೈ ಜುಮ್ಮೆಂದಿತು. ಅಹಾಬ ಸತ್ತಿದ್ದಾನೆ, ಯೇಹು ದಂಗೆಯೆದ್ದು ಅರಸನಾಗಿದ್ದಾನೆ. ಅವನೂ ಪತ್ರ ಬರೆಯುತ್ತಾನೆ, ಅದೂ ಸಮಾರ್ಯದಲ್ಲಿದ್ದ ಇಜ್ರೇಲಿನ ಪ್ರಮುಖರಿಗೆ, ಹಿರಿಯರಿಗೆ, ಅಹಾಬನ ಮಕ್ಕಳನ್ನು ಸಾಕುತ್ತಿದ್ದವರಿಗೆ. ಅವರು ಅಂಜಿ, ನೀನು ಹೇಳಿದಂತೆ ಮಾಡುತ್ತೇವೆ ಎನ್ನುತ್ತಾರೆ. ತಾವೇ ಸಾಕಿ ಬೆಳೆಸಿದ ಎಪ್ಪತ್ತು ರಾಜಪುತ್ರರ ತಲೆಗಳನ್ನು ಬುಟ್ಟಿಗಳಲ್ಲಿ ತುಂಬಿ ಇಜ್ರೇಲಿಗೆ ಕಳಿಸುತ್ತಾರೆ. ಅದೇ ಹಿರಿಯರೋ, ಅವರ ಮುಂದಿನ ತಲೆಮಾರಿನವರೋ ತಿಳಿಯದು. ಆದರೆ ಮುದ್ರೆ ನೋಡಿ ಕೆಲಸ ಮಾಡುವ ಚಟವಂತೂ ಅದೇ. ಅರಸನ ಪತ್ರವೆಂದು ನಾಬೋತನನ್ನು ಕೊಂದಂತೆಯೇ, ಅರಸ ಬದಲಾದಾಗ ಹಳೆಯ ಅರಸನ ಮಕ್ಕಳನ್ನೂ ಪತ್ರದ ಮೇಲೆಯೇ ಕೊಂದರು. ಪತ್ರ ಬರೆದವರನ್ನು ಸತ್ಯವೇದ ಹೆಸರು ಹಿಡಿದು ಬೈಯುತ್ತದೆ. ಹಿರಿಯರಿಗೆ ಹೆಸರನ್ನೇ ಕೊಡುವುದಿಲ್ಲ. ಹೆಸರಿಲ್ಲದಿರುವುದು ಒಂದು ದಂಡನೆಯೋ, ತಪ್ಪಿಸಿಕೊಳ್ಳುವ ದಾರಿಯೋ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ಅಗಸಿಯಲ್ಲಿ ಕೂತವರು

ನಾಯಕರ ಹೊಣೆಯ ವಿಷಯ ಬಂದಾಗಲೆಲ್ಲ ನಾವು ಅರಸರನ್ನು, ಮಂತ್ರಿಗಳನ್ನು ನೆನೆಯುತ್ತೇವೆ. ಇದರಿಂದ ನಮಗೊಂದು ಅನುಕೂಲವಿದೆ, ಮಾತು ನಮ್ಮ ಮೇಲೆ ಬರುವುದಿಲ್ಲ. ಆದರೆ ಸತ್ಯವೇದದ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ನ್ಯಾಯ ನಡೆಯುವ ಮುಖ್ಯ ಸ್ಥಳ ಅರಮನೆಯಲ್ಲ, ಊರಬಾಗಿಲು. ನಮ್ಮ ಕಡೆಯ ಹಳ್ಳಿಗಳಲ್ಲಿ ಅಗಸಿ ಎನ್ನುತ್ತೇವಲ್ಲ, ಅದು. ಬೋವಜನು ವಿಧವೆ ರೂತಳನ್ನು ಮದುವೆಯಾಗುವ ವಿಷಯವನ್ನು ತೀರಿಸಿಕೊಳ್ಳಲು ಹತ್ತು ಮಂದಿ ಹಿರಿಯರನ್ನು ಕೂಡಿಸಿದ್ದು ಬೇತ್ಲೆಹೇಮಿನ ಊರಬಾಗಿಲಲ್ಲಿ. ಬಾಗಿಲಲ್ಲಿ ನ್ಯಾಯವನ್ನು ನೆಲೆಗೊಳಿಸಿರಿ ಎಂದು ಪ್ರವಾದಿ ಆಮೋಸನು ಕೂಗಿದ್ದು ಅದೇ ಜಾಗವನ್ನು ಕುರಿತು. ನಿನ್ನ ಎಲ್ಲ ಊರಬಾಗಿಲುಗಳಲ್ಲಿ ನ್ಯಾಯಾಧಿಪತಿಗಳನ್ನು ನೇಮಿಸು ಎಂಬ ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದ ಆಜ್ಞೆ, ಮುಂದಿನ ಅಧ್ಯಾಯದಲ್ಲಿ ಅರಸನ ಮಾತು ಬರುವುದಕ್ಕಿಂತ ಮೊದಲೇ ಬರುತ್ತದೆ. ಅಗಸಿ ಮೊದಲು, ಅರಮನೆ ಆಮೇಲೆ. ನ್ಯಾಯವನ್ನು, ನ್ಯಾಯವನ್ನೇ ಅನುಸರಿಸು ಎಂದು ಮೂಲದಲ್ಲಿ ಒಂದೇ ಪದವನ್ನು ಎರಡು ಸಲ ಹೇಳಿರುವುದು ಅಲ್ಲಿಯೇ. ನಮ್ಮ ಹಳ್ಳಿಯವರ ಬಾಯಲ್ಲಿ 'ನ್ಯಾಯ' ಎಂದರೆ ಜಗಳವೂ ಹೌದು, ಜಗಳದ ತೀರ್ಮಾನವೂ ಹೌದು; 'ಅವರ ಮನ್ಯಾಗ ನ್ಯಾಯ ನಡದೈತಿ' ಎಂದರೆ ಅಲ್ಲಿ ಸುಖವಿಲ್ಲವೆಂದೇ ಅರ್ಥ. ಇಬ್ರಿಯ ಭಾಷೆಯ 'ರೀಬ್' ಎಂಬ ಪದಕ್ಕೂ ಇಂಥದೇ ಎರಡು ಮುಖ, ಜಗಳ ಮತ್ತು ವ್ಯಾಜ್ಯ.

ಅಗಸಿಯಲ್ಲಿ ಕೂತವರಿಗೆ ಹೇಳಿದ ಮೊದಲ ಬುದ್ಧಿವಾದ ಮುಖದ್ದು. ನಿಮ್ಮ ಸಹೋದರರ ವ್ಯಾಜ್ಯಗಳನ್ನು ಕೇಳಿರಿ, ದೊಡ್ಡವನ ಮಾತು ಕೇಳಿದಂತೆಯೇ ಸಣ್ಣವನ ಮಾತನ್ನೂ ಕೇಳಿರಿ, ಯಾರ ಮುಖಕ್ಕೂ ಅಂಜಬೇಡಿರಿ ಎಂದು ಇಸ್ರಾಯೇಲರ ನಾಯಕ ಮೋಶೆ ಅವರಿಗೆ ಹೇಳಿದ. ಪಕ್ಷಪಾತ ಮಾಡಬಾರದೆಂಬ ಕಡೆ ಇಬ್ರಿಯದಲ್ಲಿ ಇರುವುದು 'ಮುಖಗಳನ್ನು ಗುರುತಿಸಬಾರದು' ಎಂಬ ಮಾತು. ಬೇರೆ ಕಡೆಗಳಲ್ಲಿ 'ಮುಖ ಎತ್ತಬಾರದು' ಎಂದಿದೆ. ಇದಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ, ಮುಖದಾಕ್ಷಿಣ್ಯ ಎಂಬುದು ಸಿದ್ಧವಾಗಿಯೇ ಇದೆ. ಮುಖ ನೋಡಿ ಮಣೆ ಹಾಕುವವರ ಗಾದೆಯೂ ಇದೆ. ಲಂಚವು ಜಾಣರ ಕಣ್ಣನ್ನೂ ಕುರುಡು ಮಾಡುತ್ತದೆ ಎಂಬ ವಚನವನ್ನು ನಾವೆಲ್ಲ ಒಪ್ಪುತ್ತೇವೆ. ಲಂಚ ತಿನ್ನದವನಿಗೆ ಅದನ್ನು ಒಪ್ಪಲು ಖರ್ಚೇನೂ ಇಲ್ಲ. ಮುಖದಾಕ್ಷಿಣ್ಯದಲ್ಲಿ ಕೊಡುವವನೂ ಇಲ್ಲ, ತೆಗೆದುಕೊಳ್ಳುವವನೂ ಇಲ್ಲ. ಅದು ಒಳ್ಳೆಯತನದ ವೇಷದಲ್ಲಿಯೇ ಬರುತ್ತದೆ. ಮರ್ಯಾದೆಯ ಮನುಷ್ಯ ಎನ್ನಿಸಿಕೊಂಡವನನ್ನೇ ಅದು ಹಿಡಿಯುತ್ತದೆ.

ಯಾಜಕಕಾಂಡದ 19ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡವನ ಮುಖ ನೋಡಬೇಡ ಎನ್ನುವುದರ ಜೊತೆಗೆ ಬಡವನ ಮುಖವನ್ನೂ ಎತ್ತಬೇಡ ಎನ್ನುತ್ತದೆ. ಬಡವರ ಪರವಾಗಿ ಮಾತನಾಡುವ ನಮ್ಮಂಥವರು ಈ ಅರ್ಧವನ್ನು ಸಾಮಾನ್ಯವಾಗಿ ಓದದೆ ದಾಟುತ್ತೇವೆ. ಕಾಯಿಪಲ್ಯದವಳ ವಿಷಯದಲ್ಲಿ ನಾನೂ ದಾಟುತ್ತಿದ್ದೆನೇನೋ. ಕೊಳೆತ ಸೊಪ್ಪು ಗೇಟಿನ ಮುಂದೆ ಬೀಳುವುದು ಸುಳ್ಳಲ್ಲ. ಆಕೆ ಬಡವಳು, ಆದ್ದರಿಂದ ಠರಾವು ತಪ್ಪು ಎಂದು ನಾನು ಹೇಳಿದ್ದರೆ ಅದೂ ಮುಖ ನೋಡಿದಂತೆಯೇ. ಠರಾವು ತಪ್ಪಾದದ್ದು ಆಕೆಯ ಮಾತನ್ನು ಕೇಳದೆ ಬರೆದದ್ದರಿಂದ. ಮನುಷ್ಯನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರ ತೀರ್ಪು ಕೊಡುತ್ತದೆಯೇ ಎಂದು ಯೇಸುವಿನ ವಿಷಯದಲ್ಲಿ ಯೆಹೂದ್ಯರ ಹಿರೀಸಭೆಯ ನಿಕೊದೇಮನು ಸಹಸದಸ್ಯರನ್ನು ಕೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ನೀನೂ ಗಲಿಲಾಯದವನೋ ಎಂದು ಕೇಳಿದರು. ಕೇಳಿದವನ ಊರನ್ನು ಕೆದಕುವುದು ಅಂದಿನಿಂದಲೂ ನಡೆದು ಬಂದದ್ದೇ.

ಒಬ್ಬನೇ ಕೂತ ಮೋಶೆ

ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ಹಿಂದೆಲ್ಲ ಆಡಳಿತದ ಪಾಠವೆಂದು ಓದುತ್ತಿದ್ದೆ. ಮೋಶೆ ಮುಂಜಾನೆಯಿಂದ ಸಂಜೆಯವರೆಗೆ ನ್ಯಾಯ ಹೇಳುತ್ತ ಕೂತಿದ್ದಾನೆ. ಅವನ ಮಾವ, ಮಿದ್ಯಾನಿನ ಯಾಜಕ ಇತ್ರೋ, ನೋಡಿ ಕೇಳುತ್ತಾನೆ: ನೀನೊಬ್ಬನೇ ಕೂತಿರುವುದೇಕೆ, ಜನರೆಲ್ಲ ನಿನ್ನ ಸುತ್ತ ನಿಂತಿರುವುದೇಕೆ? ಹೊರಗಿನವನು, ಅದರಲ್ಲಿಯೂ ಮಾವ. ಅಳಿಯನಾದವನಿಗೆ ಈ ಮಾತು ಹೇಗೆ ಕೇಳಿಸಿರಬೇಕೆಂದು ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೂ ಮೋಶೆ ಕೇಳಿದ. ಸಾವಿರ ಜನಕ್ಕೆ, ನೂರು ಜನಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸಿದ. ಅವರಿಗೆ ಇರಬೇಕಾದ ಗುಣಗಳೆಂದು ಇತ್ರೋ ಹೇಳಿದ್ದು ಸಾಮರ್ಥ್ಯ, ದೈವಭಯ, ನಂಬಿಗಸ್ತಿಕೆ, ಅನ್ಯಾಯದ ಲಾಭದ ಮೇಲೆ ಹಗೆ. ಕೊನೆಯದರಲ್ಲಿ ಲಾಭವನ್ನು ಬಿಡಬೇಕೆಂದಿಲ್ಲ, ಹಗೆ ಮಾಡಬೇಕೆಂದಿದೆ. ಎರಡಕ್ಕೂ ಬಹಳ ಅಂತರ.

ಈಗ ಆ ಅಧ್ಯಾಯದಲ್ಲಿ ನನಗೆ ಮೊದಲು ಕಾಣುವುದು ನಿಂತಿರುವ ಜನ. ನ್ಯಾಯ ದೂರದಲ್ಲಿದ್ದರೆ, ತಡವಾದರೆ, ಅದು ಒಳ್ಳೆಯವನ ಕೈಯಲ್ಲಿದ್ದರೂ ಕಾಯುವವರ ಕಾಲು ಸೋಲುತ್ತವೆ. ನಮ್ಮ ಭಾಗದವರು ಇದನ್ನು ಪುಸ್ತಕದಿಂದ ಕಲಿತವರಲ್ಲ. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದದ್ದು 2008ರಲ್ಲಿ, ಅದು ಕಾಯಂ ಪೀಠವಾದದ್ದು 2013ರಲ್ಲಿ. ಅದಕ್ಕಿಂತ ಮೊದಲು ಒಂದು ಹೊಲದ ಬದುವಿನ ಮೇಲ್ಮನವಿಗೂ ರಾತ್ರಿ ಗಾಡಿ ಹತ್ತಿ 400 ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ತಾರೀಖು ಮುಂದಕ್ಕೆ ಹೋಯಿತೆಂದರೆ ಮತ್ತೊಂದು ರಾತ್ರಿ ಗಾಡಿ. ನಮ್ಮ ಚಿಕ್ಕಪ್ಪ ಒಂದು ಖಟ್ಲೆಗಾಗಿ ಹೀಗೆ ಎಷ್ಟು ಸಲ ಹೋಗಿಬಂದನೋ ಅವನೇ ಲೆಕ್ಕ ಬಿಟ್ಟಿದ್ದ. ಗೆದ್ದ. ಗೆದ್ದ ಹೊಲವನ್ನು ಆ ಓಡಾಟದ ಸಾಲ ತೀರಿಸಲು ಮಾರಿದ. ಪೀಠಕ್ಕಾಗಿ ಇಲ್ಲಿಯ ವಕೀಲರು ವರ್ಷಗಟ್ಟಲೆ ಹೋರಾಡಿದಾಗ ಅವರಲ್ಲಿ ಎಷ್ಟು ಮಂದಿ ಇತ್ರೋನ ಹೆಸರು ಕೇಳಿದ್ದರೋ. ಕೇಳಿದ ಪ್ರಶ್ನೆ ಮಾತ್ರ ಅವನದೇ.

ನ್ಯಾಯವು ನೀರಿನಂತೆ ಹರಿಯಲಿ, ಧರ್ಮವು ಬತ್ತದ ಹೊಳೆಯಂತೆ ಹರಿಯಲಿ ಎಂಬ ಆಮೋಸನ ಮಾತನ್ನೂ ನಮ್ಮ ನೆಲದಲ್ಲಿ ನಿಂತೇ ಓದಬೇಕು. ಅವನು ತೆಕೋವದ ಕುರಿಗಾರ, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು. ಅವನ ಸೀಮೆಯ ಹಳ್ಳಗಳು ಮಳೆ ಬಂದಾಗ ಉಕ್ಕಿ, ಆಮೇಲೆ ಒಣಗಿ ಬಿಡುವಂಥವು. ಬೆಣ್ಣಿಹಳ್ಳವನ್ನು ನೋಡಿದವರಿಗೆ ಇದು ಗೊತ್ತು. ಮಳೆಗಾಲದಲ್ಲಿ ಅದು ಹೊಲಗಳನ್ನು ನುಂಗಿ ರಸ್ತೆಯನ್ನು ಕಡಿಯುತ್ತದೆ, ಬೇಸಿಗೆಯಲ್ಲಿ ಮರಳೂ ಕಲ್ಲೂ ಉಳಿಯುತ್ತವೆ. ಆಮೋಸ ಕೇಳಿದ್ದು ಎಂದೋ ಒಮ್ಮೆ ಬರುವ ಪೂರವನ್ನಲ್ಲ, ಚೈತ್ರದಲ್ಲಿಯೂ ಹರಿಯುವ ನೀರನ್ನು. ಒಬ್ಬ ದೊಡ್ಡ ಮನುಷ್ಯ ಸಿಕ್ಕಿಬಿದ್ದಾಗ ನಾವೆಲ್ಲ ಉಕ್ಕುತ್ತೇವೆ. ದಿನದಿನದ ಸಭೆಗಳಲ್ಲಿ, ದಿನದಿನದ ಸಹಿಗಳಲ್ಲಿ ನಮ್ಮ ಪಾತ್ರ ಒಣಗಿರುತ್ತದೆ.

ಕೈಬರಹ

ಅರಸನ ವಿಷಯಕ್ಕೆ ಬಂದರೆ, ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ಅವನಿಗೆ ಕೊಡುವ ಅಧಿಕಾರಕ್ಕಿಂತ ಹಾಕುವ ಕಡಿವಾಣವೇ ಹೆಚ್ಚು. ಬಹಳ ಕುದುರೆಗಳನ್ನು ಇಟ್ಟುಕೊಳ್ಳಬಾರದು, ಬಹಳ ಹೆಂಡಿರು ಬೇಡ, ಬೆಳ್ಳಿಬಂಗಾರ ಕೂಡಿಹಾಕಬಾರದು. ಅವನು ಮಾಡಲೇಬೇಕೆಂದು ಹೇಳಿದ ಕೆಲಸ ಒಂದೇ: ಸಿಂಹಾಸನದ ಮೇಲೆ ಕೂತ ಮೇಲೆ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಳ್ಳಬೇಕು, ಬದುಕಿರುವವರೆಗೂ ದಿನಾಲೂ ಓದಬೇಕು. ಹಾಗೆ ಮಾಡಿದರೆ ಅವನ ಮನಸ್ಸು ಅವನ ಸಹೋದರರಿಗಿಂತ ಮೇಲಕ್ಕೆ ಏರುವುದಿಲ್ಲ ಎಂದು ಕಾರಣವನ್ನೂ ಹೇಳಿದೆ. ಮೂವತ್ತೈದು ವರ್ಷ ಮಕ್ಕಳಿಗೆ ಕಾಪಿ ಬರೆಸಿದ ನನಗೆ ಈ ನಿಯಮದ ಮೇಲೆ ವಿಶೇಷ ಪ್ರೀತಿ. ಕೈಯಿಂದ ಬರೆದದ್ದನ್ನು ಓದಿಲ್ಲವೆಂದು ಹೇಳಲು ಬರುವುದಿಲ್ಲ.

ಮೂವತ್ತು ವರ್ಷಗಳ ಹಿಂದೆ ನಾನು ಇದನ್ನೇ ಕಲಿತೆ. ಈಗ ಹಾವೇರಿ ಜಿಲ್ಲೆಯಲ್ಲಿರುವ ಒಂದು ಹಳ್ಳಿಯ ಶಾಲೆಗೆ ನಾನು ಮುಖ್ಯ ಮಾಸ್ತರನಾಗಿದ್ದೆ. 1997ರಲ್ಲಿ ಜಿಲ್ಲೆ ಒಡೆಯುವುದಕ್ಕೆ ಮುಂಚಿನ ಮಾತು, ಆಗಿನ್ನೂ ಅದೆಲ್ಲ ಧಾರವಾಡವೇ. ಒಂದು ಸಂಜೆ ಅಗಸಿಯ ಕಟ್ಟೆಯ ಮೇಲೆ ಊರ ದೈವ ಕೂಡಿತು. ಹಿರಿಯರ ಕೂಟಕ್ಕೆ ನಮ್ಮ ಕಡೆ ದೈವವೆಂದೇ ಹೆಸರು. (82ನೆಯ ಕೀರ್ತನೆಯಲ್ಲಿಯೂ ಅನ್ಯಾಯದ ತೀರ್ಪು ಕೊಡುವವರನ್ನು ದೇವರು 'ನೀವು ದೇವರುಗಳು' ಎಂದು ಕರೆದು, ಮರುವಾಕ್ಯದಲ್ಲಿಯೇ 'ಆದರೂ ಮನುಷ್ಯರಂತೆ ಸಾಯುವಿರಿ' ಎನ್ನುತ್ತಾನೆ.) ಅಗಸಿಯ ಪಕ್ಕದಲ್ಲಿ ಒಬ್ಬ ವಿಧವೆಯ ದನದ ಕೊಟ್ಟಿಗೆ, ಒಂದು ಬಣವಿಯ ಜಾಗ ಇದ್ದವು. ಅವಳ ಗಂಡನ ಅಜ್ಜನ ಕಾಲದಿಂದ ವಹಿವಾಟು ಅವರದೇ, ಉತಾರದಲ್ಲಿ, ಅಂದರೆ ಸರಕಾರಿ ದಾಖಲೆಯಲ್ಲಿ, ಹೆಸರಿರಲಿಲ್ಲ. ಆ ಜಾಗದಲ್ಲಿ ನಾಲ್ಕು ಮಳಿಗೆ ಕಟ್ಟಿಸಿದರೆ ಬಾಡಿಗೆಯಿಂದ ಜಾತ್ರೆಯ ಖರ್ಚು ನಡೆಯುತ್ತದೆ, ಶಾಲೆಗೂ ಒಂದು ಕೋಣೆ ಆಗುತ್ತದೆ ಎಂದು ಊರಿನ ದೊಡ್ಡ ಮನುಷ್ಯರೊಬ್ಬರು ಹೇಳಿದರು. ಕೇಳಲು ಚೆನ್ನಾಗಿತ್ತು, ಶಾಲೆಯ ಕೋಣೆಯ ಮಾತು ನನಗಾಗಿಯೇ ಹೇಳಿದ್ದೆಂದು ಅರ್ಥವೂ ಆಯಿತು. ಜಾಗವು ಊರಿನ ಖುಲ್ಲಾ ಜಾಗವೆಂದು, ಹದಿನೈದು ದಿನದೊಳಗೆ ತೆರವು ಮಾಡಬೇಕೆಂದು ಠರಾವಾಯಿತು. "ನಿಮ್ಮ ಅಕ್ಷರ ಮುತ್ತಿನಂಗ ಅದಾವ್ರಿ ಸರ, ನೀವ ಬರೀರಿ" ಎಂದರು. ಬರೆದೆ. 'ಸರ್ವಾನುಮತದಿಂದ' ಎಂಬ ಪದದ ಒತ್ತಕ್ಷರಗಳನ್ನು ತಿದ್ದಿ ಬರೆದದ್ದು ಕೂಡ ನೆನಪಿದೆ. ನಾನು ಪರಊರಿನವ, ಬಾಡಿಗೆ ಮನೆಯವ, ಅದರಲ್ಲಿಯೂ ಬೇರೆ ಧರ್ಮದವ. ಅವರು ನನ್ನನ್ನು ಕಟ್ಟೆಯ ಮೇಲೆ ಕರೆದು ಕೂಡಿಸಿಕೊಂಡಿದ್ದೇ ದೊಡ್ಡದಾಗಿತ್ತು. ಮಣೆ ಹಾಕಿದ್ದರು, ಕೂತೆ.

ಮೂರನೆಯ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋದಾಗ, ಆ ಹೆಣ್ಣುಮಗಳು ಶಾಲೆಗೆ ಬಂದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ನೋಟೀಸನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು, "ಇದರಾಗ ಏನ ಬರದಾರ, ಒಂದೀಟು ಓದಿ ಹೇಳ್ರಿ ಮಾಸ್ತರ" ಎಂದಳು. ನನ್ನದೇ ಅಕ್ಷರ. ಓದಿದೆ. ಎಲ್ಲಿಯೂ ತಡವರಿಸಲಿಲ್ಲವೆಂಬುದು ಈಗ ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ. ಅವಳು ಕೊನೆಯವರೆಗೂ ನಿಂತು ಕೇಳಿದಳು. ಕೂಡು ಎಂದು ನಾನು ಹೇಳಲಿಲ್ಲ. "ನೀವು ಓದಿದ ಮ್ಯಾಲ ಖರೇನ ಇರಬೇಕು ಬಿಡ್ರಿ" ಎಂದು ಕಾಗದವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಅವಳು ಜಗಳ ಮಾಡಿದ್ದರೆ, ಶಪಿಸಿದ್ದರೆ, ನಾನು ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಲೂಕನ 18ನೆಯ ಅಧ್ಯಾಯದ ವಿಧವೆ, ದೇವರಿಗೂ ಅಂಜದ ಮನುಷ್ಯರಿಗೂ ಲಕ್ಷ್ಯಗೊಡದ ಆ ನ್ಯಾಯಾಧಿಪತಿಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿ ಅವನನ್ನು ದಣಿಸಿ ನ್ಯಾಯ ಪಡೆಯುತ್ತಾಳೆ. ನನ್ನಲ್ಲಿಗೆ ಬಂದವಳು ಮತ್ತೆ ಬರಲಿಲ್ಲ, ನನ್ನ ಮೇಲೆ ನಂಬಿಕೆಯಿಟ್ಟು ಹೋಗಿದ್ದಳು.

ನಾಲ್ಕು ಪಟ್ಟು

ಸತ್ಯವೇದದಲ್ಲಿ ತಪ್ಪು ಮಾಡಿದ ನಾಯಕರಿಗೆ ಪಶ್ಚಾತ್ತಾಪದ ಕಣ್ಣೀರು ಮಾತ್ರ ಸಾಕಾಗುವುದಿಲ್ಲ, ಲೆಕ್ಕವೂ ಬೇಕಾಗುತ್ತದೆ. ಬಡವನ ಒಂದೇ ಹೆಣ್ಣುಕುರಿಮರಿಯನ್ನು ಐಶ್ವರ್ಯವಂತನು ಕಸಿದುಕೊಂಡ ಕತೆಯನ್ನು ಪ್ರವಾದಿ ನಾತಾನನು ಹೇಳಿದಾಗ, ಪರರ ಹೆಂಡತಿಯನ್ನು ಕಸಿದುಕೊಂಡಿದ್ದ, ಆ ಕತೆ ತನ್ನದೇ ಎಂದು ತಿಳಿಯದ ಅರಸ ದಾವೀದನು, ಅವನು ನಾಲ್ಕು ಪಟ್ಟು ಕೊಡಬೇಕೆಂದು ತೀರ್ಪು ಹೇಳಿಬಿಟ್ಟ. ಒಂದು ಕುರಿಗೆ ನಾಲ್ಕು ಕುರಿ ಎಂಬುದು ವಿಮೋಚನಕಾಂಡದ ಲೆಕ್ಕ. ಸುಂಕದ ಗುತ್ತಿಗೆದಾರ ಜಕ್ಕಾಯನೂ ಅದೇ ಲೆಕ್ಕ ಹಿಡಿದು, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಆದರೆ ನನಗೆ ಹೆಚ್ಚು ಹತ್ತಿರದವನು ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯ. ಬರಗಾಲದಲ್ಲಿ ಹೊಲಮನೆ ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಬಿಟ್ಟ ಜನ ಗೋಳಿಟ್ಟಾಗ ಅವನು ಪ್ರಮುಖರನ್ನು ಸಭೆ ಸೇರಿಸಿ ಗದರಿಸುತ್ತಾನೆ; ಗದರಿಸುವ ನಡುವೆಯೇ, ನಾನೂ ನನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟಿದ್ದೇವೆ ಎಂದು ಒಪ್ಪಿಕೊಳ್ಳುತ್ತಾನೆ. ಇವತ್ತೇ ಹಿಂದಕ್ಕೆ ಕೊಡಿರಿ ಎನ್ನುತ್ತಾನೆ, ನಾಳೆ ಎನ್ನುವುದಿಲ್ಲ. ಅಧಿಪತಿಗೆಂದು ಸಲ್ಲಬೇಕಾದ ಊಟದ ಭತ್ಯೆಯನ್ನು ಹನ್ನೆರಡು ವರ್ಷ ಮುಟ್ಟಲಿಲ್ಲವೆಂದೂ ಬರೆದುಕೊಂಡಿದ್ದಾನೆ. ಅದನ್ನು ಬರೆದುಕೊಳ್ಳದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಇರಲಿ.

ನಾನು ಹಿಂದಕ್ಕೆ ಕೊಡಲು ಹೋದದ್ದು ನಿವೃತ್ತನಾದ ಮೇಲೆ. ಏನನ್ನು ಕೊಡಲು ಹೊರಟಿದ್ದೆನೋ ನನಗೇ ಸ್ಪಷ್ಟವಿರಲಿಲ್ಲ. ಹಾವೇರಿಯಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ. ಅವಳು ತೀರಿಕೊಂಡಿದ್ದಳು; ಒಬ್ಬಳೇ ಮಗಳನ್ನು ಯಾವುದೋ ಊರಿಗೆ ಕೊಟ್ಟಿದ್ದರಂತೆ. ಶಾಲೆಗೆ ಕೋಣೆ ಬಂದಿರಲಿಲ್ಲ. ನಾಲ್ಕು ಮಳಿಗೆಗಳು ಇದ್ದವು. ಅವುಗಳಲ್ಲೊಂದು ಚಹಾದಂಗಡಿ, ಅದನ್ನು ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಗುರುತು ಹಿಡಿದು, ಕಾಲು ಮುಟ್ಟಿ, ಬೆಂಚನ್ನು ಒರೆಸಿ ಕೂಡಿಸಿದ. ರೊಕ್ಕ ತೆಗೆದುಕೊಳ್ಳಲಿಲ್ಲ. ಅವಳ ಬಣವಿ ಇದ್ದ ಜಾಗದಲ್ಲಿ ಕೂತು ಪುಕ್ಕಟೆ ಚಹಾ ಕುಡಿದು ಬಂದೆ.

ಆಯಿಗೆ ಒಂದು ಉತ್ತರ ಸಿಕ್ಕಿತೆಂದು ಹೇಳಬೇಕು, ಕೇಳಲು ಅವಳಿಲ್ಲ. ಇಜ್ರೇಲಿನ ಹಿರಿಯರಲ್ಲಿ ಬೇಡವೆಂದವನು ಒಬ್ಬನೂ ಇರಲಿಲ್ಲ. ಆದರೆ ಯೇಸುವನ್ನು ತಪ್ಪಿತಸ್ಥನೆಂದು ತೀರ್ಮಾನಿಸಿದ ಹಿರೀಸಭೆಯಲ್ಲಿ ಅರಿಮಥಾಯದ ಯೋಸೇಫನೆಂಬ ಸದಸ್ಯನಿದ್ದ. ಅವನು ಅವರ ಆಲೋಚನೆಗೂ ಕೆಲಸಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಲೂಕನು 23ನೆಯ ಅಧ್ಯಾಯದಲ್ಲಿ ನಡುವೆ ಒಂದು ಮಾತು ಸೇರಿಸಿದ್ದಾನೆ. ಅವನು ಎದ್ದು ನಿಂತು ಏನು ಹೇಳಿದನೋ, ಸುಮ್ಮನೆ ಕೈ ಎತ್ತದೆ ಕೂತನೋ, ಬರೆದಿಲ್ಲ. ಯೆಹೂದ್ಯರ ಭಯದಿಂದ ಗುಪ್ತವಾಗಿ ಶಿಷ್ಯನಾಗಿದ್ದವನು ಎಂದು ಯೋಹಾನನು ಹೇಳುತ್ತಾನೆ. ಅವನ ಒಪ್ಪಿಗೆ ಇಲ್ಲದಿದ್ದರೂ ಶಿಲುಬೆ ನಿಲ್ಲಲಿಲ್ಲ. ಆಮೇಲೆ ಅವನು ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋಗಿ ದೇಹವನ್ನು ಕೇಳಿ ಪಡೆದು, ತನ್ನ ಸಮಾಧಿಯಲ್ಲಿ ಇಟ್ಟ. ನಾಬೋತನ ದೇಹವನ್ನು ಕೇಳಿದವರು ಯಾರೆಂಬುದು ಅರಸುಗಳ ಗ್ರಂಥದಲ್ಲಿಲ್ಲ.

ಮುಂದಿನ ರವಿವಾರ ಸಂಘದ ಸಭೆ ಮತ್ತೆ ಸೇರಿತು. ಠರಾವನ್ನು ಅಲ್ಲಿಯವರೆಗೆ ತಡೆದಿಟ್ಟು, ಕಾಯಿಪಲ್ಯದವಳಿಗೆ ಬರಹೇಳಿದ್ದರು. ಕಾರ್ಯದರ್ಶಿಯವರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡೇ ಹೇಳಿ ಕಳಿಸಿದ್ದರು. ಕೋಣೆಯಲ್ಲಿ ಹನ್ನೆರಡು ಕುರ್ಚಿಗಳು, ಹನ್ನೆರಡೂ ತುಂಬಿದ್ದವು. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ಎಲ್ಲಿ ಕುಂಡರಲ್ರಿ?" ಎಂದು ಕೇಳಿದಳು. ಬಂಗಾರದ ಉಂಗುರದವನಿಗೆ ಒಳ್ಳೆಯ ಸ್ಥಳ, ಕೊಳೆಬಟ್ಟೆಯವನಿಗೆ ನನ್ನ ಕಾಲ್ಮಣೆಯ ಹತ್ತಿರ ಎನ್ನುವವರನ್ನು ಯಾಕೋಬನು ತನ್ನ ಪತ್ರದಲ್ಲಿ ಬೈದದ್ದು ನನಗೆ ನೆನಪಾಗುವಷ್ಟರಲ್ಲಿ ಅವಳು ಹೊಸ್ತಿಲ ಪಕ್ಕದ ನೆಲದ ಮೇಲೆ ಅರ್ಧ ಬಾಗಿಯೂ ಆಗಿತ್ತು. ಎದ್ದವನು ನಾನಲ್ಲ. ಕಾರ್ಯದರ್ಶಿಯವರು ಎದ್ದು ಹೋಗಿ ವಾಚ್‌ಮನ್ನನ ಗೂಡಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಅವಳು ಅದರ ಅಂಚಿನ ಮೇಲೆ ಕೂತು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಕನ್ನಡಕ ಹಾಕಿಕೊಂಡಿದ್ದ ನನ್ನ ಕಡೆಗೆ ತಿರುಗಿ, "ಏನಂತ ಬರದೀರಿ, ಒಂದ ಸಲ ಓದ್ರಿ, ಕೇಳತೇನಿ" ಎಂದಳು.

ಪುಸ್ತಕ ಮತ್ತೆ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದಿತು. ಈ ಸಲ ಅಕ್ಷರ ನನ್ನದಾಗಿರಲಿಲ್ಲ. ಆದರೂ ಮೊದಲ ಸಾಲಿನಲ್ಲಿಯೇ ಎರಡು ಸಲ ತಡವರಿಸಿದೆ.